ಇಬ್ಬರಿಗೆ ಎಷ್ಟು ಅಕ್ಕಿ

ನಮ್ಮ ಯಜಮಾನರು ರಬಾಳೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವರು. ಇನ್ನೂರು ಜನರಿಗೆ ಬೇಕಾದ ಅಕ್ಕಿಯನ್ನು ಕಣ್ಣಂದಾಜಿನಲ್ಲೇ ಸುರಿಯುತ್ತಿದ್ದರು. ಒಂದು ದಿನವೂ ಅನ್ನ ಕಡಿಮೆ ಬಿದ್ದದ್ದಿಲ್ಲ. ಅದೇ ಅವರ ಹೆಮ್ಮೆ, ಅದೇ ನನ್ನ ಗ್ರಹಚಾರ. ಹೋಟೆಲಿನವರಲ್ಲಿ ಒಂದು ಪದ್ಧತಿ ಉಂಟು, ಕಡೆಯ ಗಿರಾಕಿ ಕೈ ತೊಳೆಯುವವರೆಗೆ ಯಜಮಾನ ಊಟಕ್ಕೆ ಕೂರುವುದಿಲ್ಲ. ಎಲ್ಲರಿಗೂ ಸಾಕಾಯಿತೋ ಎಂದು ನೋಡಿ, ಮೂರೂವರೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಇವರು ನಿಂತೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಡೊಂಬಿವಲಿಯ ನಮ್ಮ ಮನೆಯಲ್ಲೂ ಅದೇ ಚಾಳಿ. ರಜೆಯ ದಿನ ನಾನೂ ಮಗಳೂ ತಟ್ಟೆ ಇಟ್ಟುಕೊಂಡು ಕೂತರೆ ಇವರು ಸೌಟು ಹಿಡಿದು ನಿಲ್ಲುವವರು. "ನೀವು ತಿನ್ನಿ, ನಂದು ಆಮೇಲೆ." ಆ 'ಆಮೇಲೆ' ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಮದುವೆಯ ಊಟ ಒಂದು ಬಿಟ್ಟರೆ, ಇಬ್ಬರೂ ಜೊತೆಯಲ್ಲಿ ಕೂತು ಬಿಸಿ ಅನ್ನ ಉಂಡ ನೆನಪು ನನಗಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬೇಕಾದದ್ದು ಅದೊಂದೇ.

ಕಳೆದ ವರ್ಷ ಮಂಡಿನೋವು ಜಾಸ್ತಿಯಾಗಿ ಕ್ಯಾಂಟೀನನ್ನು ಅಣ್ಣನ ಮಗನಿಗೆ ವಹಿಸಿದರು. ಊಟ ಸಾಗಿಸುತ್ತಿದ್ದ ವ್ಯಾನ್ ಮಾತ್ರ ನಮ್ಮಲ್ಲಿ ಉಳಿಯಿತು. ಮಂಡಿ ಸ್ವಲ್ಪ ಸುಧಾರಿಸಿದ ಮೇಲೆ ನಾನೇ ಮಾತು ತೆಗೆದೆ. ಆ ವ್ಯಾನಿನಲ್ಲಿ ಹಾಸಿಗೆ, ಸಣ್ಣ ಒಲೆ ಇಟ್ಟುಕೊಂಡು ಸಮುದ್ರದ ಬದಿಯ ರಸ್ತೆಯಲ್ಲೇ ಉಡುಪಿಗೆ ಹೋಗುವ, ಇಬ್ಬರೇ, ಹತ್ತು ದಿನ. ಆ ರಸ್ತೆಯಲ್ಲಿ ಆಗರದಂಡಾ, ಬಾಗ್‌ಮಾಂಡಲಾ, ದಾಭೋಳ್, ಜಯಗಡ ಎಂದು ನಾಲ್ಕು ಕಡೆ ಕಡಲು ಒಳನುಗ್ಗಿದ ಖಾರಿಗೆ ಸೇತುವೆ ಇಲ್ಲ. ಗಾಡಿಯನ್ನೇ ಫೆರಿಗೆ ಹತ್ತಿಸಿ ದಾಟಬೇಕು.

"ನಾಲ್ಕು ಸಲ ಹತ್ತಿ ಇಳಿಯುದು ಎಂತಕ್ಕೆ ಮಾರಾಯ್ತಿ? ಹೈವೇ ಹಿಡಿದರೆ ಮರುದಿನ ಊರು."

"ಊರಿಗೆ ಬೇಗ ಹೋಗಿ ನಿಮಗೆ ಎಂತ ಆಗ್ಬೇಕು? ಅಲ್ಲಿ ಯಾರ ಮದುವೆಯೂ ಇಲ್ಲ" ಎಂದೆ.

ನಿಜವಾದ ಕಾರಣ ಹೇಳಲಿಲ್ಲ. ಫೆರಿಯ ಮೇಲೆ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಈ ಮನುಷ್ಯನಿಗೆ ಮಾಡಲು ಕೆಲಸ ಇರುವುದಿಲ್ಲ. ಸುತ್ತ ನೀರು, ಎದ್ದು ಹೋಗಲು ಜಾಗ ಇಲ್ಲ. ಅಲ್ಲಿ ಡಬ್ಬಿ ಬಿಚ್ಚಿ ಎದುರಿಗೆ ತಟ್ಟೆ ಇಟ್ಟರೆ ಕೂತು ಉಣ್ಣಲೇಬೇಕು. ಎದ್ದರೆ ಕಡಲಿಗೆ ಹಾರಬೇಕಷ್ಟೆ.

ಒಪ್ಪಿದರು. ಒಪ್ಪಿದ ಮೇಲೆ ಅವರ ಉತ್ಸಾಹ ನೋಡಬೇಕಿತ್ತು. ನಕ್ಷೆ ಬಿಡಿಸಿ ಫೆರಿಯ ಹೊತ್ತುಗಳನ್ನು ಗುರುತು ಹಾಕಿದ್ದೇನು, ಎಲ್ಲಿ ನೀರು ತುಂಬಿಸುವುದು, ಎಲ್ಲಿ ಮಲಗುವುದು ಎಂದು ಬರೆದಿಟ್ಟದ್ದೇನು. ವ್ಯಾನನ್ನು ಡೊಂಬಿವಲಿಯ ಕಾರ್ಖಾನೆಗಳ ವಸಾಹತಿನಲ್ಲಿರುವ ಒಬ್ಬ ವೆಲ್ಡರನಿಗೆ ಒಪ್ಪಿಸಿದರು. ವಿಜಯಪುರದ ಕಡೆಯ ಮನುಷ್ಯ, ಕೈ ಚೊಕ್ಕ. ಹದಿನೈದು ದಿನ ಬಿಟ್ಟು ನೋಡಲು ಹೋದೆವು. ನಾನು ಒಳಗೆ ಇಣುಕಿದೆ. ಒಂದು ಬದಿಗೆ ಕ್ಯಾಂಟೀನಿನ ಹಳೆಯ ಗ್ರೈಂಡರನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಸಿದ್ದರು. ಅದರ ಪಕ್ಕ ಎರಡು ಉರಿಯ ದೊಡ್ಡ ಒಲೆ, ಮೇಲೆ ಇಡ್ಲಿಯ ಅಟ್ಟೆಪಾತ್ರೆ, ಹಿಂದೆ ಅನ್ನದ ಮೂರು ದೊಡ್ಡ ಡಬರಿ, ಸಾಂಬಾರಿನ ಕೊಳಗ.

ವೆಲ್ಡರ ಕೈ ಒರೆಸಿಕೊಳ್ಳುತ್ತ ಬಂದ. "ಸಾಹೇಬ್ರ, ನೀವು ಹೇಳಿದ್ದೆಲ್ಲಾ ಕುಂಡ್ರಿಸೇನಿ. ಒಂದ ಮಾತು ಕೇಳ್ಲೇನ್ರಿ? ನೀವಿಬ್ಬರು ಎಲ್ಲಿ ಮಲಗಾವ್ರು?"

ಇವರು ಗಲ್ಲ ಕೆರೆದುಕೊಂಡರು. "ಅದು ಹೌದಲ್ಲ." ಕಡೆಗೆ ಗ್ರೈಂಡರಿನ ಮೇಲೆ ಮಡಚುವ ಹಲಗೆ ಹಾಕಿಸಿ ಅದನ್ನೇ ಮಂಚ ಮಾಡಿದರು. "ದಾರಿಯಲ್ಲಿ ಯಾರಾದರೂ ಬಂದರೆ ಕಡಿಮೆ ಬೀಳ್ಬಾರದು" ಎಂಬುದು ಅವರ ವಾದ. ಜನವಿಲ್ಲದ ಸಮುದ್ರದ ಬದಿಯಲ್ಲಿ ಯಾರು ಬರುತ್ತಾರೋ ಆ ದೇವರಿಗೇ ಗೊತ್ತು. ಹೊರಡಲಿ ಮೊದಲು ಎಂದು ನಾನು ಬಾಯಿ ಮುಚ್ಚಿಕೊಂಡೆ.

ಹೊರಡುವ ಮುಂಚೆ ಒಮ್ಮೆ ಗಾಡಿ ಪರೀಕ್ಷೆ ಆಗಲಿ ಎಂದು ಒಂದು ಭಾನುವಾರ ಕಾಮೋಠೆಗೆ ಹೋದೆವು. ಅಲ್ಲಿ ಮಗಳ ಮನೆ. ಮನೆಯ ಒಳಗೆ ಹೋಗದೆ, ಅವರ ಹೌಸಿಂಗ್ ಸೊಸೈಟಿಯ ಅಂಗಳದಲ್ಲೇ ವ್ಯಾನ್ ನಿಲ್ಲಿಸಿ, ಅದರಲ್ಲೇ ಅಡುಗೆ, ಅದರಲ್ಲೇ ಊಟ, ಮಧ್ಯಾಹ್ನದ ನಿದ್ದೆ ಎಂದು ತೀರ್ಮಾನ. ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಗಾಡಿ ಇಂಚಿಂಚು ಸರಿಯುವಾಗಲೂ ನಾನು ಖುಷಿಯಲ್ಲೇ ಇದ್ದೆ. ತಲುಪಿದವರೇ ಇವರು ಒಲೆ ಹಚ್ಚಿದರು. ಮುಚ್ಚಳ ತೆಗೆದಾಗ ಇಡೀ ಅಂಗಳಕ್ಕೆ ಸಾಂಬಾರಿನ ಪರಿಮಳ.

ಮಗಳು ಕೆಳಗಿಳಿದು ಬಂದು ಡಬರಿ ನೋಡಿ, "ಪಪ್ಪಾ, ಇತನಾ ಕೌನ್ ಖಾಯೇಗಾ?" ಎಂದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ಹಿಂದಿಯಲ್ಲೇ.

ಅಷ್ಟೆಲ್ಲ ಯಾರು ತಿನ್ನುತ್ತಾರೆ ಎಂಬ ಅವಳ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಮೊದಲು ವಾಚ್‌ಮನ್ ಬಂದ. ಆಮೇಲೆ ಕಾರು ತೊಳೆಯುವವರು, ಎರಡನೇ ಮಹಡಿಯ ಅಜ್ಜಿ, ಅವರ ಬೀಗರು. ಕೊನೆಗೆ ಸಾಲೇ ನಿಂತಿತು. ಇವರು ಹೆಗಲಿಗೆ ಟವೆಲು ಹಾಕಿಕೊಂಡು, ಮಂಡಿನೋವು ಮರೆತು, "ಔರ್ ಲೋ, ಔರ್ ಲೋ" ಎನ್ನುತ್ತ ಬಡಿಸಿದ್ದೇ ಬಡಿಸಿದ್ದು. ನಾನು ಹಲಗೆಯ ಮೇಲೆ ಎರಡು ತಟ್ಟೆ ಇಟ್ಟುಕೊಂಡು ಕಾದೆ. ಇಡ್ಲಿ ಆರಿತು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು.

ವಾಪಸು ಬರುವಾಗ ತಳೋಜಾ ದಾಟಿದ ಮೇಲೆ ಹೇಳಿಯೇಬಿಟ್ಟೆ. "ನೀವು ಕ್ಯಾಂಟೀನ್ ಬಿಟ್ಟದ್ದಲ್ಲ, ಅದಕ್ಕೆ ಚಕ್ರ ಹಾಕಿಸಿದ್ದು. ನಾನು ಬರುದಿಲ್ಲ. ನೀವೇ ಹೋಗಿ, ದಾರಿಯುದ್ದಕ್ಕೂ ಬಡಿಸ್ತಾ ಹೋಗಿ."

"ಹಸಿದವರಿಗೆ ಕೊಟ್ಟದ್ದು ತಪ್ಪಾ?"

"ನನಗೂ ಹಸಿವಿತ್ತು. ನಿಮ್ಮ ಜೊತೆ ಒಂದು ಹೊತ್ತು ಕೂತು ಉಣ್ಬೇಕಂತ ಇಷ್ಟು ವರ್ಷದಿಂದ ಕಾಯ್ತಾ ಇದ್ದೇನೆ. ಫೆರಿ ಬೇಕಂದದ್ದೂ ಅದಕ್ಕೇ. ಅಲ್ಲಿಯಾದರೂ ಎದ್ದು ಹೋಗ್ಲಿಕ್ಕೆ ಆಗುದಿಲ್ಲ ಅಂತ."

ಅವರು ಮರುದಿನ ವ್ಯಾನ್ ತೆಗೆದುಕೊಂಡು ಎಲ್ಲಿಗೋ ಹೋದರು, ಸಂಜೆ ಬಂದರು. ನಾನು ಕೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಇಬ್ಬರಿಗೆ ಅಕ್ಕಿ ಎಷ್ಟು?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಇನ್ನೂರು ಜನರ ಅಕ್ಕಿ ಕೈಗೆ ಗೊತ್ತಿದ್ದ ಮನುಷ್ಯನಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. ಸಿಟ್ಟು ಇನ್ನೂ ಇಳಿಯದ ನಾನು, "ಒಂದು ಕುಡ್ತೆ" ಎಂದು ಊರಿನ ಅಳತೆಯ ಲೋಟ ಕೈಗೆ ಕೊಟ್ಟೆ.

ಹನ್ನೆರಡೂವರೆಗೆ ಫೋನ್ ಮಾಡಿ ಕೆಳಗೆ ಕರೆದರು. ನಮ್ಮ ಕಟ್ಟಡದ ಅಂಗಳದಲ್ಲಿ ವ್ಯಾನ್ ನಿಂತಿತ್ತು. ಬಾಗಿಲು ತೆಗೆದರೆ ಒಳಗೆ ಗ್ರೈಂಡರ್ ಇಲ್ಲ, ಡಬರಿ ಇಲ್ಲ. ಸಣ್ಣ ಒಲೆ, ಅದರ ಮೇಲೆ ನಮ್ಮ ಮನೆಯ ಪುಟ್ಟ ಕುಕ್ಕರ್, ಎರಡು ತಟ್ಟೆ. ಹಲಗೆಯ ಕೆಳಗೆ ಜಾಗ ಖಾಲಿ ಬಿದ್ದಿತ್ತು.

"ಒಳಗೆ ಹತ್ತು. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ. ಇದು ದಾಭೋಳಿನ ಫೆರಿ ಅಂತ ತಿಳ್ಕೊ."

ಕೂತೆವು. ಅನ್ನ, ಬಸಳೆ ಸಾರು, ಹಪ್ಪಳ. ಅಷ್ಟರಲ್ಲಿ ನಮ್ಮ ವಾಚ್‌ಮನ್ ಪರಿಮಳ ಹಿಡಿದು ಬಂದು ಇಣುಕಿ, ಇವತ್ತೇನು ಅಡುಗೆ ಎಂದು ಕೇಳಿದ. "ಅಣ್ಣಾ, ಆಜ್ ಕ್ಯಾ ಬನಾಯಾ?"

ಇವರ ಕೈ ಸೌಟಿನ ಕಡೆಗೆ ಹೋಯಿತು. ನಾನು ತಟ್ಟೆಯನ್ನೇ ನೋಡುತ್ತ ಕೂತೆ.

"ಆಜ್ ದೋ ಕಾ ಹೀ ಹೈ, ಭಾವು" ಎಂದರು. ಇಬ್ಬರಿಗೆ ಮಾತ್ರ ಉಂಟು ಎನ್ನುವಾಗ ಅವರ ಕಿವಿ ಕೆಂಪಾಗಿತ್ತು. ವಾಚ್‌ಮನ್ ನಕ್ಕು ಕೈ ಬೀಸಿ ಹೋದ. ಜೀವನದಲ್ಲಿ ಮೊದಲ ಸಲ ಒಬ್ಬನನ್ನು ಊಟ ಕೊಡದೆ ಕಳಿಸಿದ್ದರು.

ಎರಡನೇ ಸಲ ಬಡಿಸಿಕೊಳ್ಳುವಾಗ ಕುಕ್ಕರಿನ ತಳ ಕಂಡಿತು. ಸಿಟ್ಟಿನಲ್ಲಿ ನಾನು ಹೇಳಿದ ಅಳತೆಯೇ ತಪ್ಪಾಗಿತ್ತು. ಅವರು ಕುಕ್ಕರಿನೊಳಗೆ ನೋಡಿದರು, ನನ್ನನ್ನು ನೋಡಿದರು. ಈಗ ಎದ್ದೇ ಏಳುತ್ತಾರೆ ಎಂದುಕೊಂಡೆ.

"ಕಡಿಮೆ ಬಿತ್ತು" ಎಂದರು. ಉಳಿದದ್ದನ್ನು ಕೆರೆದು ಅರ್ಧ ನನ್ನ ತಟ್ಟೆಗೆ, ಅರ್ಧ ತಮ್ಮ ತಟ್ಟೆಗೆ ಹಾಕಿಕೊಂಡು, ಚಕ್ಕಳಮಕ್ಕಳ ಸರಿಮಾಡಿಕೊಂಡು ಕೂತರು. "ಇರ್ಲಿ. ನೀರಿನ ಮಧ್ಯೆ ಎದ್ದು ಎಲ್ಲಿಗೆ ಹೋಗುದು?"