ಅಕ್ಕನ ತಲೆಯ ಅಬ್ಬಲಿಗೆ

ನಮ್ಮ ಮನೆಯ ಟೀವಿ ಮೇಜಿನ ಕಾಲಿಗೆ ಗೆದ್ದಲು ಹಿಡಿದಿದೆ. ಮೊನ್ನೆ ಹಳೆಯ ಬಾಟಲಿಯ ತಳದಲ್ಲಿ ಉಳಿದಿದ್ದ ಚಿಮಣಿ ಎಣ್ಣೆಯನ್ನು, ಅದೇ ಸೀಮೆಎಣ್ಣೆಯನ್ನು, ಬಟ್ಟೆಗೆ ಹಾಕಿ, ನೆಲಕ್ಕೆ ಕೂತು ಬಳಿಯುತ್ತಿದ್ದೆ. ತಲೆಯ ಮೇಲೆ ಟೀವಿಯಲ್ಲಿ ಕೋಟು ಹಾಕಿದ ವಾರ್ತೆಯ ಹುಡುಗನೊಬ್ಬ ಯುದ್ಧ ಮಾಡುತ್ತಿದ್ದ. ಗಡಿಯಲ್ಲಿ ಮತ್ತೇನೋ ಆಗಿದೆಯಂತೆ. ನಿಂತ ಜಾಗದಲ್ಲೇ ನಿಂತು ಆತ ಹೊಡೆದ, ಉರುಳಿಸಿದ, ಧೂಳೀಪಟ ಮಾಡಿದ. ಕೋಟಿನ ಗುಂಡಿ ಮಾತ್ರ ಬಿಚ್ಚಲಿಲ್ಲ. ಮೂಗಿಗೆ ಎಣ್ಣೆಯ ವಾಸನೆ, ಕಿವಿಗೆ ಯುದ್ಧ. ಎರಡೂ ಒಟ್ಟಿಗೆ ಬಂದದ್ದೇ ತಡ, ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು.

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಪಕ್ಕದ ಮನೆಯ ತೆಂಗಿನ ಗೊನೆ ನೋಡಿ ನಿಮಗೂ ಒಮ್ಮೆಯಾದರೂ ಹೊಟ್ಟೆ ಉರಿದಿರುತ್ತದೆ. ಆದರೆ ಒಂದು ಯುದ್ಧದಿಂದಾಗಿ ಹೊಟ್ಟೆಕಿಚ್ಚು ಪಟ್ಟವಳು ನಮ್ಮ ಈ ಕೋಟ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನಾವು ಆಗ ಒಂದೇ ಮನೆಯಲ್ಲಿ ಇಬ್ಬರು ಸೊಸೆಯರು. ಅಕ್ಕ ಎಂದರೆ ನನ್ನ ಓರಗಿತ್ತಿ, ದೊಡ್ಡ ಮಗನ ಹೆಂಡತಿ. ಭಾವ ಮಿಲಿಟರಿಯಲ್ಲಿದ್ದರು. ನನ್ನ ಗಂಡ ಹೆದ್ದಾರಿ ಬದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಕಾರ್ಗಿಲ್ಲಿನಲ್ಲಿ ಯುದ್ಧ ಶುರುವಾಗಿ, ಭಾವ ಅಲ್ಲೇ ಇದ್ದಾರೆಂದು ಗೊತ್ತಾದ ಮೇಲೆ ನಮ್ಮ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಯ ವಾರ್ತೆಗೆ ಊರ ಹೆಂಗಸರೆಲ್ಲ ಬರುತ್ತಿದ್ದರು. ಬರುವಾಗ ಅಕ್ಕನಿಗೆಂದು ಅಬ್ಬಲಿಗೆ ಹೂವಿನ ದಂಡೆ ತರುತ್ತಿದ್ದರು. ಅಕ್ಕ ಒಂದನ್ನೂ ಬೇಡ ಎನ್ನುತ್ತಿರಲಿಲ್ಲ. ಒಂದರ ಮೇಲೊಂದು ಮುಡಿದು ಟೀವಿಯ ಎದುರು ಕೂರುತ್ತಿದ್ದಳು. ನಾನು ಒಳಗೆ ಅಷ್ಟೂ ಜನಕ್ಕೆ ಚಾ ಕಾಯಿಸುತ್ತಿದ್ದೆ. ಇಡೀ ಮಳೆಗಾಲ ನನಗೆ ಯಾರೂ ಒಂದು ಎಸಳು ಹೂ ಕೊಟ್ಟವರಿಲ್ಲ. ಕೊಡುವುದಾದರೂ ಯಾಕೆ? ಹಿಟ್ಟು ಬೀಸುವವನ ಹೆಂಡತಿಗೆ ಯಾವ ಅಪಾಯ?

ಅತ್ತೆಯಂತೂ ಕೇಳುವ ಹಾಗೇ ಇಲ್ಲ. "ಒಬ್ಬ ಮಗ ಮದ್ದಿನ ಹೊಗಿಯಗೆ, ಒಬ್ಬ ಹಿಟ್ಟಿನ ಧೂಳಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಎರಡನೆಯವನ ಹೆಂಡತಿ ಚಾ ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ ಎನ್ನುವ ದಾಕ್ಷಿಣ್ಯವೂ ಇರಲಿಲ್ಲ.

ಅತ್ತೆಗೆ ಆಟದ ಹುಚ್ಚು. ಆಟ ಎಂದರೆ ನಮ್ಮ ಕಡೆ ಯಕ್ಷಗಾನ ತಾನೇ. ಸುತ್ತಲಿನ ಯಾವ ಬಯಲಾಟವನ್ನೂ ಅವರು ಬಿಟ್ಟವರಲ್ಲ. ಅವರಿಗೆ ಗೊತ್ತಿದ್ದ ಯುದ್ಧ ಅದೊಂದೇ. ಇವ ಬರಬೇಕು, ಅವ ಬರಬೇಕು, ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ಮೂದಲಿಸಬೇಕು, ಆಮೇಲೆ ಚಂಡೆಯ ಪೆಟ್ಟು ಏರಬೇಕು. ಒಂದು ದಿನ ಪೇಪರಿಗೆ ಬರೆಯುವ ಹುಡುಗನೊಬ್ಬ ಬಂದು, "ಅಮ್ಮ, ನಿಮ್ ಮಗ ಅಲ್ಲಿ ಹ್ಯಾಂಗ್ ಯುದ್ಧ ಮಾಡ್ತಿದ್ರ್?" ಎಂದು ಕೇಳಿಯೇಬಿಟ್ಟ. ಭಾವ ಕಾಗದದಲ್ಲಿ ಬರೆಯುತ್ತಿದ್ದದ್ದು "ನಾನು ಕ್ಷೇಮ" ಎಂಬ ಒಂದೇ ಸಾಲು. ಆದರೆ ಅತ್ತೆ ಕಂಬಕ್ಕೆ ಒರಗಿ ಕೂತು, ಮಗ ಬೆಟ್ಟ ಏರಿದ್ದು, ಶತ್ರುವನ್ನು ಹೆಸರು ಹಿಡಿದು ಕರೆದದ್ದು, ಅವ ಕೊಟ್ಟ ಉತ್ತರ, ಇವ ಕೊಟ್ಟ ಪ್ರತ್ಯುತ್ತರ, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳಿದರು. ಅತ್ತೆ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಯುದ್ಧ ಎಂದರೆ ಹಾಗಲ್ಲದೆ ಬೇರೆ ಹೇಗೆ ಇರಲು ಸಾಧ್ಯ ಎಂದು ಅವರು ಪೂರ್ತಿ ನಂಬಿದ್ದರು. ಹುಡುಗ ಬರೆದುಕೊಂಡ. ಮರುದಿನ ಪೇಪರಿನಲ್ಲಿ ಭಾವನ ಫೋಟೋ ಸಮೇತ ಅದೆಲ್ಲ ಬಂತು. ಐದು ಮಂದಿಯನ್ನು ಒಬ್ಬರೇ ಉರುಳಿಸಿದ್ದು ಮಾತ್ರ ಆ ಹುಡುಗನ ಸ್ವಂತ ಸೇರ್ಪಡೆ. ಅಂದು ಸಂಜೆ ಅಕ್ಕನ ತಲೆಯಲ್ಲಿ ಕೂದಲೇ ಕಾಣದಷ್ಟು ಅಬ್ಬಲಿಗೆ. ನಾನು ಚಾಕ್ಕೆ ಸಕ್ಕರೆ ಹಾಕಲು ಮರೆತೆ. ಮರೆತೆ ಎಂದೇ ಇಟ್ಟುಕೊಳ್ಳಿ.

ಯುದ್ಧ ಮುಗಿದು ಭಾವ ರಜೆಯಲ್ಲಿ ಬಂದರು. ಅತ್ತೆ ಅವರನ್ನು ಕೂರಿಸಿಕೊಂಡು, "ಮಗಾ, ಆ ಬದಿಯವ ಎದ್ರಿಗ್ ಬಂದ್ ಎಂತ ಅಂದ?" ಎಂದು ಕೇಳಿದರು. "ಮುಖವೇ ಕಂಡಿಲ್ಲ ಅಮ್ಮ" ಎಂದರು ಭಾವ. ದೊಡ್ಡವರು ದೊಡ್ಡಸ್ತಿಕೆ ಹೇಳಿಕೊಳ್ಳುವುದಿಲ್ಲ ಎಂದು ಅತ್ತೆ ಇನ್ನಷ್ಟು ಉಬ್ಬಿದರು.

ಅದೇ ವಾರ ಗ್ಯಾಸ್ ಮುಗಿಯಿತು. ನಾನು ಹಳೆಯ ಸ್ಟವ್ ಹೊತ್ತಿಸುತ್ತಿದ್ದಾಗ ಭಾವ ನೀರು ಕುಡಿಯಲು ಅಡುಗೆಮನೆಗೆ ಬಂದವರು ಬಾಗಿಲಲ್ಲೇ ತಿರುಗಿ ಬಾವಿಕಟ್ಟೆಯತ್ತ ಓಡಿದರು. ವಾಂತಿ. ನಾನು ಚೆಂಬು ಹಿಡಿದು ಹಿಂದೆ ಹೋದೆ.

"ಭಾವ, ಎಂತ ಆಯ್ತ್?"

"ಚಿಮ್ಣಿ ಎಣ್ಣಿ ವಾಸ್ನಿ ತಡ್ಕಂಬುಕೆ ಆತಿಲ್ಲ ಮಾರಾಯ್ತಿ." ಚೆಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. "ನಾ ಗುಂಡ್ ಹೊಡದ್ದೇ ಇಲ್ಲ. ಹೋಪತಿಗೆ ಬೆಟ್ಟದ್ ಮೇಲಿನವ್ರಿಗೆ ಎಣ್ಣಿ ಡಬ್ಬಿ ಹೊತ್ಕಂಡ್ ಹೋಪುದ್, ಬಪ್ಪತಿಗೆ ಸತ್ತ್ ಹುಡ್ಗ್ರನ್ನ ಹೊತ್ಕಂಡ್ ಬಪ್ಪುದ್. ಅದೇ ಹೆಗಲ್, ಅದೇ ವಾಸ್ನಿ."

ನನಗೆ ಅಳು ಬರಬೇಕಿತ್ತು. ಬಂತು ಕೂಡ. ಆದರೆ ಅಳುವಿನ ಹಿಂದೆಯೇ ಇನ್ನೊಂದು ಬಂತು, ಸಂತೋಷ. ಊರಿಗೆ ಊರೇ ಪೇಪರಿನ ಕಥೆ ನಂಬಿದೆ. ಟೀವಿಯ ಎದುರು ಹೂ ಮುಡಿದು ಕೂತ ಅಕ್ಕನೂ ಅದನ್ನೇ ನಂಬಿದ್ದಾಳೆ. ನಿಜ ಮಾತ್ರ ನನ್ನ ಹತ್ತಿರ! ಬಾಯಿಗೆ ಬೆಲ್ಲದ ತುಂಡು ಹಾಕಿಕೊಂಡವಳ ಹಾಗೆ ಆ ವಾರವಿಡೀ ಓಡಾಡಿದೆ.

ಊರ ಸಂಘದವರು ಶಾಲೆಯ ಬಯಲಲ್ಲಿ ಭಾವನಿಗೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬರು ಪೇಪರಿನ ಕಥೆಯನ್ನು ಮೈಕಿನಲ್ಲಿ ರಾಗವಾಗಿ ಓದಿದರು. ಐದು ಮಂದಿ ಉರುಳಿದಾಗ ಚಪ್ಪಾಳೆಯೋ ಚಪ್ಪಾಳೆ. ಭಾವ ತಲೆ ತಗ್ಗಿಸಿ ಹಣ್ಣಿನ ಬುಟ್ಟಿಯನ್ನೇ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಕೂತ ಅಕ್ಕನ ತಲೆಯಿಂದ ಅಬ್ಬಲಿಗೆಯ ದಂಡೆ ನನ್ನ ಭುಜದ ಮೇಲೆ ಇಳಿದಿತ್ತು. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಅವ್ರ್ ಓದೂದ್ ಒಂದೂ ಸಮ ಇಲ್ಲ. ನಿಮ್ಗೆ ಗೊತ್ತಿತ್ತಾ?"

ಅಕ್ಕ ನನ್ನತ್ತ ತಿರುಗಲಿಲ್ಲ. "ಗೊತ್ತಿತ್ತ್ ಹೆಣೆ. ಬಂದ್ ದಿನವೇ ಹೇಳಿರ್. ಅಮ್ಮಂಗೆ ಹೇಳೂದ್ ಬ್ಯಾಡ ಅಂದಿರ್."

ನನ್ನ ಬಾಯಿಯ ಬೆಲ್ಲ ಕಹಿಯಾಯಿತು. ಸೋತ ಸಿಟ್ಟಿನಲ್ಲಿ, "ಮತ್ತೆ ಈ ಹೂ ಎಲ್ಲ ಎಂತಕ್ಕೆ ಮುಡ್ಕಂತ್ರಿ?" ಎಂದೆ.

ಆಗ ಅಕ್ಕ ತಿರುಗಿದಳು. "ನಂಗ್ ಹೂವಿನ್ ಆಸೆ ಅಂದ್ಕಂಡ್ಯಾ? ಅವ್ರ್ ಅಲ್ಲಿಪ್ಪತಿಗೆ ಒಬ್ರ್ ಕೊಟ್ಟ್ ಹೂ ಬ್ಯಾಡ ಅಂಬುಕೂ ಹೆದ್ರಿಕಿ ಹೆಣೆ. ಬ್ಯಾಡ ಅಂದ್ ದಿನವೇ ಏನಾರೂ ಸುದ್ದಿ ಬಂದ್ರೆ? ತಲಿ ಭಾರ ಆಯಿ ನಿದ್ರಿ ಬತ್ತಿರ್ಲಿಲ್ಲ. ಆದ್ರೂ ತೆಗುಕೆ ಧೈರ್ಯ ಇಲ್ಲ. ಇವತ್ತಿಗೂ ಆ ಧೈರ್ಯ ಬಂದಿಲ್ಲ."

ಮೈಕಿನಲ್ಲಿ ಯುದ್ಧ ಇನ್ನೂ ನಡೆಯುತ್ತಿತ್ತು. ಇಡೀ ಮಳೆಗಾಲ ನಾನು ಹೊಟ್ಟೆಕಿಚ್ಚು ಪಟ್ಟದ್ದು ಅಕ್ಕನ ಹೆದರಿಕೆಯ ಮೇಲೆ ಎಂದು ತಿಳಿದು ನಾಚಿಕೆಯಾಯಿತು. ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಎಂದರೆ ನೀವು ನಂಬಬೇಡಿ. ಜಾಗ ಬದಲಿಸಿತು ಅಷ್ಟೆ. ಅಷ್ಟು ದೊಡ್ಡ ನಿಜವನ್ನು ಇಬ್ಬರೇ ಹಂಚಿಕೊಂಡು, ಅಷ್ಟು ಜನರ ನಡುವೆ ಸುಮ್ಮನೆ ಕೂರಬಲ್ಲ ಗಂಡಹೆಂಡತಿಯನ್ನು ಕಂಡು ಮತ್ತೆ ಉರಿಯಿತು. ನಾನೂ ನನ್ನವರೂ ಹಂಚಿಕೊಂಡದ್ದೆಂದರೆ ಗಿರಣಿಯ ಬೆಲ್ಟು ಹರಿದ ಸುದ್ದಿ.

ಅತ್ತೆ ಮಗನ ಪರಾಕ್ರಮವನ್ನು ನಂಬಿಕೊಂಡೇ ತೀರಿಕೊಂಡರು. ಭಾವ ನಿವೃತ್ತರಾಗಿ ಈಗ ಪಕ್ಕದ ಸಾಸ್ತಾನದಲ್ಲಿ ಮನೆ ಮಾಡಿದ್ದಾರೆ.

ಮೊನ್ನೆ ಎಣ್ಣೆ ಬಳಿಯುತ್ತಿದ್ದೆನಲ್ಲ, ಆಗಲೇ ಫೋನ್ ಬಂತು. ಅಕ್ಕ. "ನಾವ್ ಕುಂದಾಪ್ರದಿಂದ ವಾಪಾಸ್ ಬತ್ತಾ ಇತ್ತ್ ಮಾರಾಯ್ತಿ, ಹಾಂಗೇ ನಿಮ್ಮಲ್ಲಿಗ್ ಬಂದ್ ಹೋಪ ಅಂತ. ಇವ್ರೂ ಇದ್ರ್." ನನ್ನ ಕೈಯಲ್ಲಿ ಎಣ್ಣೆಯ ಬಟ್ಟೆ! ಬಾಟಲಿಯನ್ನು ಹಿತ್ತಲ ತೆಂಗಿನ ಬುಡಕ್ಕೆ ಒಯ್ದಿಟ್ಟೆ. ಮೇಜಿನ ಕಾಲನ್ನು ಸೋಪುನೀರಿನಲ್ಲಿ ಉಜ್ಜಿದೆ; ಗೆದ್ದಲು ತಿಂದರೆ ತಿನ್ನಲಿ. ಕೈಗೆ ಲಿಂಬೆಹಣ್ಣು ತಿಕ್ಕಿದೆ, ಕಾಫಿ ಪುಡಿ ಹುರಿದು ಚಾವಡಿಯಲ್ಲಿಟ್ಟೆ.

ಅಕ್ಕ ಮೊದಲು ಒಳಗೆ ಬಂದಳು. ಹೊಸಿಲಲ್ಲೇ ಮೂಗು ಅರಳಿಸಿ, ಭಾವ ಚಪ್ಪಲಿ ಬಿಚ್ಚುವಷ್ಟರಲ್ಲಿ ಕಿಟಕಿಗೆ ಕೈ ಹಾಕಿದಳು. ಅದು ತೆರೆದೇ ಇತ್ತು. ಇನ್ನೊಂದಕ್ಕೆ ಹೋದಳು. ಅದೂ. ಗಾಬರಿಯಲ್ಲಿ ಟೀವಿಯತ್ತ ನೋಡಿದಳು. ಕೋಟಿನ ಹುಡುಗನನ್ನು ನಾನು ಆಗಲೇ ಆರಿಸಿದ್ದೆ.

ಅಕ್ಕ ನನ್ನನ್ನೇ ನೋಡುತ್ತ ನಿಂತಳು. ಅಷ್ಟು ವರ್ಷಕ್ಕೆ ಒಮ್ಮೆಯಾದರೂ ಅವಳಿಗಿಂತ ಮೊದಲು ಅಲ್ಲಿಗೆ ತಲುಪಿದ್ದೆ. ಭಾವ ಒಳಗೆ ಬಂದು ಉದ್ದಕ್ಕೆ ಉಸಿರೆಳೆದು, "ಕಾಪಿ ಹುರ್ದದ್ದಾ?" ಎಂದು ಕೇಳಿದರು.