ಚಂಚಿಯಲ್ಲಿಟ್ಟ ಗುಳಿಗೆ

ನನ್ನ ಚಂಚಿಗೆ ನಾಲ್ಕು ಖಾನೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ತಂಬಾಕು ಮತ್ತು ಸುಣ್ಣದ ಡಬ್ಬಿ. ನಾಲ್ಕನೆಯದರಲ್ಲಿ ನನ್ನ ಮಗನ ಗುಳಿಗೆ. ಬಟ್ಟೆಯ ಈ ಚೀಲ ನನ್ನ ಸೊಂಟ ಬಿಟ್ಟು ಇಳಿಯುವುದಿಲ್ಲ. ಮಲಗಿದಾಗಲೂ ಅಲ್ಲೇ ಇರುತ್ತದೆ. ಚಿಕ್ಕೋಡಿಯ ಡಾಕ್ಟರು ಅದನ್ನು ನೋಡಿಯೇ ಗುಳಿಗೆ ನನ್ನ ಕೈಗೆ ಕೊಟ್ಟರು.

"ಅಜ್ಜಿ, ಇವು ಅವನ ಕೈಯಾಗ ಕೊಡಬ್ಯಾಡ್ರಿ. ಸೊಸಿ ಕೈಯಾಗೂ ಬ್ಯಾಡ, ಆಕಿ ಅಂಜಿ ಕೊಟ್ಟಬಿಡ್ತಾಳ. ನೀವ ಇಟಗೋರಿ."

"ನಾ ಅಂಜಂಗಿಲ್ಲಂತ ಯಾರ ಹೇಳಿದ್ರು ನಿಮಗ?"

"ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ," ಎಂದು ಡಾಕ್ಟರು ನಕ್ಕರು. ನನ್ನ ಮುಖ ಹಾಗೇ ಇದೆ. ಮದುವೆಯಲ್ಲೂ ಹಾಗೇ ಇತ್ತಂತೆ.

ಮಗ ಬೋರಗಾಂವದಲ್ಲಿ ಪವರ್‌ಲೂಮಿಗೆ ಹೋಗುತ್ತಿದ್ದ. ಕುಡಿಯುತ್ತಿದ್ದ. ಯಾಕೆ ಕುಡಿಯುತ್ತಿದ್ದ ಎಂದು ಎಲ್ಲರೂ ಕೇಳುತ್ತಾರೆ. ಅವನ ಅಪ್ಪ ಕುಡಿದವನಲ್ಲ. ಕಷ್ಟಕ್ಕೆ ಕುಡಿದ ಎಂದರೆ, ಅದೇ ಕಷ್ಟ ನನಗೂ ಇತ್ತು, ನಾನು ಬೀಡಿ ಸುತ್ತಿದೆ. ಮೊದಲು ಸಂಜೆ ಕುಡಿದ, ಆಮೇಲೆ ಮಧ್ಯಾಹ್ನ, ಕಡೆಗೆ ಹಲ್ಲುಜ್ಜುವ ಮೊದಲು. ಸೊಸೆ ತವರಿನವರನ್ನು ಕರೆಸಿ, ಎಲ್ಲರೂ ಸೇರಿ ಅವನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಹಾಕಿದರು. ಕೆಲವು ವಾರ ಇದ್ದು ಬಂದ. ಬಾಟಲಿ ಹೋಗಿತ್ತು. ಬಾಟಲಿ ಇದ್ದ ಜಾಗದಲ್ಲಿ ಅಂಜಿಕೆ ಬಂದು ಕೂತಿತ್ತು.

ಅಂಥ ಅಂಜಿಕೆ ನಾನು ನೋಡಿರಲಿಲ್ಲ. ಕೋಣನಂಥ ಗಂಡಸು, ಬಾಗಿಲ ಹೊಸ್ತಿಲಿಗೆ ಬಂದು ನಿಂತುಬಿಡುತ್ತಿದ್ದ. ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದಿರುತ್ತಿತ್ತು. ಕೈ ನಡುಗಿ ಚಹಾ ಬಸಿಯಲ್ಲಿ ಅರ್ಧ, ನೆಲದಲ್ಲಿ ಅರ್ಧ.

"ಏನಾಗತೈತಿ ಹೇಳಲೇ," ಎಂದೆ.

"ಎದಿಯಾಗ ಯಾರೋ ಮಗ್ಗ ಚಾಲೂ ಮಾಡ್ಯಾರ ಅವ್ವಾ. ಬಂದ್ ಮಾಡೂ ಖಟಕಾ ಎಲ್ಲೈತೋ ಸಿಗವಲ್ದು."

ಆ ಖಟಕಾ ಎಂದರೆ ಈ ಗುಳಿಗೆ. ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು. "ಇಷ್ಟ ವರ್ಷ ಕುಡದ ಸೆರೆ ಇವನ ನರಾ ಒತ್ತಿ ಹಿಡದಿತ್ತು. ಅದ ಕೈ ಬಿಟ್ಟ ಕೂಡ್ಲೆ ನರಾ ಎದ್ದ ಕುಣ್ಯಾಕತ್ತಾವ. ಈ ಗುಳಿಗಿ ಸ್ವಲ್ಪ ದಿನ ಹಿಡಕೋತಾವ. ಆದ್ರ ಇವೂ ಚಟ ಹತ್ತುವಂಥಾವ. ಅದಕ್ಕ ಮೊದಲ ಪೂರ್ತಿ, ಆಮ್ಯಾಲ ಅರ್ಧ, ಆಮ್ಯಾಲ ಪಾವ, ಹಿಂಗ ಇಳಸೂದು. ಇಳಸೂದು ನಾ ಹೇಳಿದಾಗ. ಒಮ್ಮೆಲೆ ಬಿಟ್ರ ಫಿಟ್ಸ್ ಬರ್ತಾವ. ಕುಡದ ಮ್ಯಾಲ ನುಂಗಿದ್ರ ಉಸರ ನಿಲ್ಲತೈತಿ. ಕುಡದ ದಿನ ಕೊಡಬ್ಯಾಡ್ರಿ, ಇಲ್ಲಿಗೆ ಕರಕೊಂಡ ಬರ್ರಿ."

ನಾನು ಮೂರನೆಯ ಇಯತ್ತೆಯನ್ನೂ ಮುಗಿಸಿದವಳಲ್ಲ. ಆದರೆ ಇಷ್ಟನ್ನು ತಲೆಯಲ್ಲಿಟ್ಟುಕೊಳ್ಳಲು ಶಾಲೆ ಬೇಕಿಲ್ಲ.

ದಿನಾ ಬೆಳಿಗ್ಗೆ, ಸಂಜೆ ಮಗ ಬಂದು ನನ್ನ ಮುಂದೆ ಅಂಗೈ ಚಾಚಿ ನಿಲ್ಲುತ್ತಿದ್ದ. ಮೀಸೆ ನರೆತ ಮಗ. ನಾನು ಮೊದಲು "ಹಾ ಅನ್ನು" ಎನ್ನುತ್ತಿದ್ದೆ. ಬಾಯಿ ತೆರೆದು ಹಾ ಎನ್ನುತ್ತಿದ್ದ. ಮೂಸಿ ನೋಡಿ ಗುಳಿಗೆ ಕೊಡುತ್ತಿದ್ದೆ.

"ನಿನ್ನ ಬಾಯಾಗಿನ ತಂಬಾಕದಾಗ ನನ್ನ ಬಾಯಿ ವಾಸನಿ ಹ್ಯಾಂಗ ತಿಳಿತೈತಿ ಬೇ ನಿನಗ?" ಎಂದು ಒಮ್ಮೆ ಕೇಳಿದ.

"ಹುಟ್ಟಿದಾಗಿಂದ ತಂಬಾಕದಾಗ ಕುಂತೇನಿ. ಅದೊಂದ ವಾಸನಿ ನನಗ ಬರಂಗಿಲ್ಲ, ಬಾಕಿ ಎಲ್ಲಾ ಬರ್ತಾವ. ಹಾ ಅನ್ನು."

ನಕ್ಕ. ಬಹಳ ದಿನದ ಮೇಲೆ ನಕ್ಕದ್ದು. ಸೊಸೆ ಒಲೆಯ ಹತ್ತಿರ ಕೂತವಳು ತಿರುಗಿ ನೋಡಿದಳು.

ಕೈ ನಡುಗುವುದು ನಿಂತಿತು. ಮತ್ತೆ ಲೂಮಿಗೆ ಹೋದ. ಮಗ್ಗದಲ್ಲಿ ಎಳೆ ಕಡಿದಾಗ ಹುಡುಕಿ ಗಂಟು ಹಾಕಬೇಕು. ಕೂದಲಿನಂಥ ಎಳೆ. ನಡುಗುವ ಕೈಯ ಕೆಲಸವಲ್ಲ ಅದು. "ಇವತ್ತ ಒಂದ ಗಂಟೂ ತಪ್ಪಲಿಲ್ಲ," ಎಂದು ಬಂದು ಹೇಳಿದ. ಡಾಕ್ಟರು ಅರ್ಧಕ್ಕೆ ಇಳಿಸಲು ಹೇಳಿದಾಗ ಬೀಡಿ ಎಲೆ ಕತ್ತರಿಸುವ ನನ್ನ ಕತ್ತರಿಯಿಂದಲೇ ಗುಳಿಗೆ ಕತ್ತರಿಸಿದೆ. ಮೊದಲನೆಯದು ಪುಡಿಯಾಯಿತು. ಆಮೇಲೆ ಕೈ ಕೂತಿತು. ನಾನು ಆಸೆ ಇಟ್ಟುಕೊಳ್ಳಲಿಲ್ಲ. ಸೊಸೆ ಇಟ್ಟುಕೊಂಡಳು.

ತುಳಸಿಮಾಲೆ ಹಾಕಿಸೋಣ ಎಂದವಳು ಅವಳೇ. ತಪ್ಪು ಮಾತಲ್ಲ ಅದು. ನಮ್ಮ ಕಡೆ ಪಂಢರಪುರಕ್ಕೆ ನಡೆದು ಹೋಗುವವರು ಕೊರಳಲ್ಲಿ ತುಳಸಿಮಣಿಯ ಮಾಲೆ ಹಾಕುತ್ತಾರೆ. ಹಾಕಿದ ಮೇಲೆ ಮಾಂಸ ಇಲ್ಲ, ಸೆರೆ ಇಲ್ಲ. ಹಾಕಿದವನು ನೇಮ ಬಿಟ್ಟರೂ ಊರು ಬಿಡುವುದಿಲ್ಲ. ಸೆರೆ ಅಂಗಡಿಯವನೇ, ಮಾಲೆಯವರನ್ನು ಕರೆಯುವ ಹಾಗೆ, "ಮಾವುಲಿ, ನಿಮಗ ಕೊಡೂದಿಲ್ರಿ" ಎಂದು ವಾಪಸು ಕಳಿಸುತ್ತಾನೆ. ಮದುವೆಯಲ್ಲಿ ಗೆಳೆಯರು ಗ್ಲಾಸು ಮುಂದೆ ಮಾಡುವುದಿಲ್ಲ. ಹಾಗೆ ಕುಡಿತ ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ. ಡಾಕ್ಟರ ಚೀಟಿಗೆ ಆ ಕಾವಲು ಎಲ್ಲಿಂದ ಬರಬೇಕು?

ಏಕಾದಶಿಯ ಬೆಳಿಗ್ಗೆ ವಿಠೋಬನ ಗುಡಿಗೆ ಹೋದೆವು. ಭಜನೆಯ ಹಿರಿಯರು, ನಾವು ಮಹಾರಾಜರು ಎನ್ನುತ್ತೇವೆ, ಮಾಲೆ ಹಿಡಿದು ಕೂತಿದ್ದರು. ಕಟ್ಟಳೆ ಹೇಳಿದರು. ಮಗ ಎಲ್ಲದಕ್ಕೂ ಹೂಂ ಎಂದ.

"ಬ್ಯಾರೆ ಏನಾರ ತಗೋತಿಯೇನ ತಮ್ಮಾ?"

ಇಲ್ಲ ಎಂದಿದ್ದರೆ ಆಗುತ್ತಿತ್ತು. ಹುಟ್ಟಿನಿಂದ ಸುಳ್ಳು ಹೇಳಿದವನು ಆವತ್ತು ಖರೆ ಹೇಳಿದ. "ಗುಳಿಗಿ ತಗೋತೇನ್ರಿ, ಅಂಜಿಕಿಗೆ."

"ತಗೊಂಡ್ರ ಹ್ಯಾಂಗ ಆಗತೈತಿ?"

"ಎದಿ ತಣ್ಣಗ ಆಗತೈತ್ರಿ. ಸ್ವಲ್ಪ ಮಂಪರ ಬರ್ತೈತಿ."

"ಹಂಗಾರ ಅದೂ ನಶಾನ ಆತಲ್ಲೋ."

ನಾನು ಸುಮ್ಮನಿರುವವಳಲ್ಲ. "ನೀವು ಬಿಪಿ ಗುಳಿಗಿ ನುಂಗ್ತೀರಲ್ರಿ ಮಹಾರಾಜ್ರ, ಅದು?"

"ಅದ ರಕ್ತಕ್ಕ ಅಕ್ಕಾ. ಇದ ತಲಿಗೆ. ತಲಿಗೆ ಹತ್ತೂದೆಲ್ಲಾ ನಶಾ."

"ಮತ್ತ ನನ್ನ ತಂಬಾಕ?"

"ನಿಮಗ ಯಾರ ಮಾಲಿ ಹಾಕಾಕತ್ತಾರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಕೆಟ್ಟವರಲ್ಲ. ಗುಳಿಗೆ ಬಿಡು ಎಂದೂ ಹೇಳಲಿಲ್ಲ. "ಇರ್ಲಿ, ಪಾಂಡುರಂಗ ನಡಸ್ತಾನ," ಎಂದು ಕೊರಳಿಗೆ ಮಾಲೆ ಹಾಕಿದರು. ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಮರುದಿನ ಮಗ ಅಂಗೈ ಚಾಚಲಿಲ್ಲ.

"ಬ್ಯಾಡವ್ವ."

"ಡಾಕ್ಟರ ಏನ ಹೇಳ್ಯಾರ ಮರತೀಯೇನ?"

"ಮರತಿಲ್ಲ. ಕೊಳ್ಳಾಗ ಮಾಲಿ, ಹೊಟ್ಟ್ಯಾಗ ನಶಾ, ಎರಡೂ ಕೂಡಂಗಿಲ್ಲ. ಎಲ್ಲಾದಕ್ಕೂ ಸುಳ್ಳ ಹೇಳೇನಿ. ಇದೊಂದರ ಖರೇ ಮಾಡತೇನಿ, ಬಿಡ."

ಬೈದೆ. ಮಹಾರಾಜರನ್ನೇ ಕರೆತಂದೆ. ಅವರು "ತಗೋ ತಮ್ಮಾ, ದೇವರು ಕ್ಷಮಾ ಮಾಡ್ತಾನ" ಎಂದರು. ಕ್ಷಮೆ ಎಂದ ಕೂಡಲೇ ಅದು ತಪ್ಪು ಎಂದೇ ಆಯಿತಲ್ಲ. ಮಗ ಇನ್ನೂ ಗಟ್ಟಿಯಾದ. ಸೊಸೆ ನನ್ನ ಕಿವಿಯ ಹತ್ತಿರ ಬಂದಳು. "ಅತ್ತೀ, ಚಹಾದಾಗ ಅರದ ಹಾಕೂನೇನ್ರಿ?"

"ಗೊತ್ತಾದ್ರ ಆಮ್ಯಾಲ ನಿನ್ನ ಕೈಯಿಂದ ನೀರೂ ಕುಡಿಯಂಗಿಲ್ಲ," ಎಂದೆ. ಮೂರನೆಯ ದಿನ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದೆ. ಡಾಕ್ಟರು ಈಗಲೇ ಕರೆದುಕೊಂಡು ಬರ್ರಿ ಎಂದರು. ಮನೆಗೆ ಬಂದರೆ ಅವನು ಲೂಮಿಗೆ ಹೋಗಿದ್ದ.

ಅಲ್ಲೇ ಬಿದ್ದ. ಮಗ್ಗದ ಪಕ್ಕ ಬಿದ್ದು ಕೈಕಾಲು ಬಡಿದುಕೊಂಡ. ಬಾಯಲ್ಲಿ ನೊರೆ. ಜೊತೆಯವರು ಕೈಗೆ ಬೀಗದ ಕೈ ಕೊಟ್ಟರು, ಚಪ್ಪಲಿ ಮೂಸಿಸಿದರು, ಆಮೇಲೆ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಆದರೆ ನೋಡಿದವರಲ್ಲಿ ಅರ್ಧ ಜನ ಅಂದುಕೊಂಡದ್ದು ಬೇರೆ. ನಾನು ಆಸ್ಪತ್ರೆಯಿಂದ ಊರಿಗೆ ಬರುವುದರೊಳಗೆ ಮಾತು ನನಗಿಂತ ಮೊದಲೇ ಬಂದು ಕೂತಿತ್ತು. ಓಣಿಯವಳೊಬ್ಬಳು ನಲ್ಲಿಯ ಹತ್ತಿರ ಕೇಳಿಯೇಬಿಟ್ಟಳು.

"ಮಾಲಿ ಹಾಕ್ಕೊಂಡ ಕುಡದಿದ್ನಂತ, ಹೌದೇನಬೇ?"

"ಕುಡೀಲಾರದ ಬಿದ್ದಾನ," ಎಂದೆ. "ನಿನ್ನ ಗಂಡ ಕುಡದ ಬೀಳ್ತಾನಲ್ಲ, ಹಂಗಲ್ಲ."

ಅವಳು ಕೊಡ ಎತ್ತಿಕೊಂಡು ಹೋದಳು. ಜಗಳ ಗೆದ್ದೆ. ಮಾತು ಮಾತ್ರ ಊರೊಳಗೆ ಹಾಗೇ ಇತ್ತು. ಕುಡಿದಾಗ ಯಾರೂ ಏನೂ ಅನ್ನದ ಮನುಷ್ಯನಿಗೆ ಕುಡಿಯದಿದ್ದಾಗ ಕುಡುಕ ಎಂಬ ಹೆಸರು ಬಂತು.

ಡಾಕ್ಟರು ಗುಳಿಗೆ ಮತ್ತೆ ಪೂರ್ತಿಯಿಂದ ಶುರು ಮಾಡಿದರು. "ಮಾಲಿನೂ ಇರ್ಲಿ, ಗುಳಿಗಿನೂ ಇರ್ಲಿ. ದೇವರಿಗೂ ನನಗೂ ಏನೂ ಜಗಳಿಲ್ಲ," ಎಂದು ಅವನಿಗೆ ತಿಳಿಸಿ ಹೇಳಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಹೂಂ ಎಂದ. ಮನೆಗೆ ಬಂದ ಮೇಲೆ ತನ್ನದೇ ಒಂದು ದಾರಿ ಮಾಡಿಕೊಂಡ.

ಬೆಳಿಗ್ಗೆ ಏಳುತ್ತಿದ್ದ. ಕೊರಳಿನ ಮಾಲೆ ತೆಗೆದು ದೇವರ ಪಟದ ಪಕ್ಕದ ಗೂಟಕ್ಕೆ ಹಾಕುತ್ತಿದ್ದ. ಬಂದು ಅಂಗೈ ಚಾಚುತ್ತಿದ್ದ. ಗುಳಿಗೆ ನುಂಗಿ ಗೋಡೆಗೆ ಆತು ಕೂತು, ಮಂಪರು ಇಳಿದ ಮೇಲೆ ಕೈಕಾಲು ತೊಳೆದು ಮಾಲೆ ಮತ್ತೆ ಹಾಕಿಕೊಳ್ಳುತ್ತಿದ್ದ. ಸಂಜೆಯ ಗುಳಿಗೆಗೂ ಹಾಗೇ.

"ಇದೇನ ಆಟಲೇ?" ಎಂದು ಕೇಳಿದೆ.

"ಮಾಲಿ ಕೊಳ್ಳಾಗ ಇದ್ದಾಗ ನಾ ಏನೂ ತಗೊಂಡಿಲ್ಲಲಾ," ಎಂದ.

ಸೊಸೆಗೆ ಅದು ಜಾಣತನ ಎನಿಸಿತು. ಗುಳಿಗೆಯಂತೂ ಹೊಟ್ಟೆಗೆ ಹೋಗುತ್ತದಲ್ಲ ಎಂದಳು. ನನಗೆ ಆ ಗೂಟ ಸರಿ ಕಾಣಲಿಲ್ಲ. ನಮ್ಮ ಕಡೆ ಮಾಲೆ ಹಾಕಿದವರು ತಡೆಯಲಾರದೆ ಮತ್ತೆ ಕುಡಿಯುವ ದಿನ ಮಾಡುವುದೂ ಇದನ್ನೇ. ಕೊರಳಲ್ಲಿ ಮಾಲೆ ಇಟ್ಟುಕೊಂಡು ಕುಡಿಯುವ ಧೈರ್ಯ ಯಾರಿಗೂ ಇಲ್ಲ. ಮೊದಲ ಸಲ ಅದನ್ನು ತೆಗೆಯುವಾಗ ಕೈ ನಡುಗುತ್ತದಂತೆ, ಅಲ್ಲೇ ಕೆಲವರು ಕುಡಿಯದೆ ಉಳಿದುಕೊಳ್ಳುತ್ತಾರೆ. ನನ್ನ ಮಗನ ಕೈಗೆ ಮಾಲೆ ತೆಗೆಯುವುದು ದಿನಾ ಎರಡು ಹೊತ್ತು ರೂಢಿಯಾಗುತ್ತಿತ್ತು. ಆ ಕೈ ನಡುಗದಂತೆ ಗುಳಿಗೆಯನ್ನು ನಾನೇ ಕೊಡುತ್ತಿದ್ದೆ.

ಲೂಮಿನ ಮಾಲಕ, ಮಗ್ಗದ ಮೇಲೆ ಬಿದ್ದರೆ ನನ್ನ ಕೊರಳಿಗೆ ಬರುತ್ತದೆ ಎಂದು ಕೆಲಸಕ್ಕೆ ಬೇಡ ಎಂದ. ಅವನದೂ ತಪ್ಪಲ್ಲ. ಮಗ ಮನೆಯಲ್ಲಿ ಕೂತ. ಕೂತವನಿಗೆ ಗುಳಿಗೆಯಿಂದ ಗುಳಿಗೆಗೆ ಹೊತ್ತು ಹೋಗುವುದಿಲ್ಲ. ಇನ್ನೊಂದು ಕೊಡು ಎಂದ. ಕೊಡಲಿಲ್ಲ. ಕಾಲು ಹಿಡಿದ. ಕೊಡಲಿಲ್ಲ. ಒಂದು ಸಂಜೆ ಮಾಲೆ ಗೂಟಕ್ಕೆ ಹಾಕಿದ. ಅಂಗೈ ಚಾಚುತ್ತಾನೆಂದು ನಾನು ಚಂಚಿ ಬಿಚ್ಚಿಕೊಂಡು ಕೂತಿದ್ದೆ. ಅವನು ನನ್ನ ಮುಂದಿನಿಂದಲೇ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಸೊಸೆ ಗೂಟ ನೋಡಿದಳು. ನನ್ನನ್ನು ನೋಡಿದಳು.

"ಗುಳಿಗಿ ತಗೊಂಡ ಹೋದ್ರೇನ್ರಿ ಅತ್ತಿ?"

"ಇಲ್ಲ," ಎಂದೆ. ಅವಳು ಹಿಟ್ಟಿನ ಕೈ ತೊಳೆಯದೆ ಹಾಗೇ ಕೂತಳು.

ಈಗ ದಿನಾ ಕುಡಿಯುತ್ತಾನೆ. ಚಿಕ್ಕೋಡಿಗೆ ಬಾ ಎಂದರೆ ನಾಳೆ ಎನ್ನುತ್ತಾನೆ. ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವನಾಗಿ ಬರಬೇಕು ಅಜ್ಜಿ ಎಂದರು. ಮಹಾರಾಜರು ಎರಡು ಸಲ ಮನೆಗೆ ಬಂದು ಹೋದರು, ಚಹಾ ಕುಡಿಯಲಿಲ್ಲ. ಮಾಲೆ ಗೂಟದಲ್ಲೇ ಇದೆ. ಸೊಸೆ ಏಕಾದಶಿಗೊಮ್ಮೆ ಅದರ ಧೂಳು ಒರೆಸುತ್ತಾಳೆ. ಉಳಿದ ಗುಳಿಗೆ ನನ್ನ ಚಂಚಿಯಲ್ಲೇ ಇವೆ, ತಂಬಾಕಿನ ವಾಸನೆ ಹಿಡಿದು. ಕೊಡುವುದು ನನ್ನ ಕೆಲಸವಾಗಿತ್ತು. ಈಗ ಕೊಡದಿರುವುದು.

ಕುಡಿದದ್ದು ಇಳಿದು ಎದೆಯೊಳಗಿನ ಮಗ್ಗ ಚಾಲೂ ಆದ ಬೆಳಿಗ್ಗೆಗಳಲ್ಲಿ ಇನ್ನೂ ಬರುತ್ತಾನೆ. ನಿನ್ನೆಯೂ ಬಂದ. "ಹಾ ಅನ್ನು," ಎಂದೆ. ಬಾಯಿ ತೆರೆಯಲಿಲ್ಲ. ಅಂಗೈ ಮಾತ್ರ ಚಾಚಿ ನಿಂತ. ರಾತ್ರಿಯ ಸೆರೆಯ ವಾಸನೆ ನನ್ನ ಮೂಗಿಗೆ ಬಂತು. ನಾನು ಅಂಗೈ ಮೇಲೆ ಒಂದು ಅಡಿಕೆ ಹೋಳು ಇಟ್ಟೆ. ಬಾಯಿಗೆ ಹಾಕಿಕೊಂಡು ಹೊರಗೆ ಹೋದ. ನಾನು ಚಂಚಿ ಕಟ್ಟಿದೆ.