ಎರಡು ಪಂಕ್ತಿಗಳ ನಡುವಿನ ಗಿಟಾರು

ಬೆಸುಗೆ ಹಾಕುವಾಗ ರಾಳ ಕರಗಿ ಏಳುತ್ತದಲ್ಲ, ಆ ಹೊಗೆ ನಿಮಗೆ ರೇಡಿಯೋ ರಿಪೇರಿ ಅಂಗಡಿಯನ್ನು ನೆನಪಿಸಬಹುದು. ನನಗೆ ಮಾತ್ರ ಅದು ಮದುವೆ ಊಟದ ವಾಸನೆ. ನಗಬೇಡಿ, ಹೇಳುತ್ತೇನೆ. ನಿನ್ನೆ ಬೆಳಿಗ್ಗೆ ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಮೊನ್ನೆ ಮೊನ್ನೆ ನಾನೇ ಹಾಕಿದ್ದ ಪಿಕಪ್ಪನ್ನು ನಾನೇ ಕೀಳುತ್ತಿದ್ದೆ. ಹೆಂಡತಿ ಬಂದು ನೋಡಿದಳು, ಹೋದಳು, ಮತ್ತೆ ಬಂದಳು. "ಅದಕ್ಕೇನ್ ಹೆರಿಗಿ ಮಾಡ್ಸಾಕತ್ತೀರೇನ್ರಿ?" ಅಂದಳು.

ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಒಂದು ಗಿಡ್ಡ ಪಟ್ಟಿ. ಒಳಗೆ ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲೆ ತಂತಿ ನಡುಗಿದ್ದನ್ನು ಹಿಡಿದು ಆಂಪ್ಲಿಫೈಯರಿಗೆ ಮುಟ್ಟಿಸುವುದು ಅದರ ಕೆಲಸ. ಅದು ಸತ್ತರೆ ಎಲೆಕ್ಟ್ರಿಕ್ ಗಿಟಾರು ಬಟ್ಟೆ ಒಣಹಾಕಲಿಕ್ಕೂ ಬರುವುದಿಲ್ಲ.

ನಾನೂ ಮಹಿಬೂಬನೂ ಹರೆಯದಲ್ಲಿ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿದ್ದೆವು. ಅವನು ಡ್ರಮ್ಮು, ನಾನು ಗಿಟಾರು. ಆಳಂದ, ಅಫಜಲಪುರ, ಜೇವರ್ಗಿ ಸುತ್ತ ಎಲ್ಲಿ ಮದುವೆಯಿದ್ದರೂ ನಮ್ಮ ಜೀಪು ಹಾಜರು. ಅಫಜಲಪುರದ ಕಡೆ ಹೊರಟರೆ ಚೌಡಾಪುರದಲ್ಲಿ ಇಳಿದು ಚಹಾ ಕುಡಿಯಲೇಬೇಕು, ಇಲ್ಲದಿದ್ದರೆ ಮಹಿಬೂಬನ ಕೈ ಏಳುತ್ತಿರಲಿಲ್ಲ. ಜೀಪಿನ ಕುಲುಕಾಟಕ್ಕೆ ನನ್ನ ಗಿಟಾರಿನ ಒಳತಂತಿ ಬಿಟ್ಟೇ ಬಿಡುತ್ತಿತ್ತು. ಅಡುಗೆ ಪೆಂಡಾಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆ. ಪಕ್ಕದ ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ರಾಳಕ್ಕೂ ಹುಗ್ಗಿಗೂ ನನ್ನ ಮೂಗಿನಲ್ಲಿ ಅಂದೇ ನೆಂಟಸ್ತಿಕೆ ಬೆಳೆಯಿತು.

ನಮಗೆ ಪ್ರಾಣವಾಗಿದ್ದದ್ದು ಇಂಗ್ಲಿಷರ ಹಾರ್ಡ್ ರಾಕ್. ಆದರೆ ಮದುವೆ ಮನೆಯಲ್ಲಿ ಅದನ್ನು ಕೇಳುವವರು ಯಾರು? ಹಿರಿಯರು ಉಣ್ಣುತ್ತಿರುವಾಗ ಶರಣರ ವಚನವೇ ಆಗಬೇಕು, ಸಾಬರ ಮದುವೆಯಲ್ಲಿ ಕವ್ವಾಲಿಯೇ ಆಗಬೇಕು. ಒಂದು ಪಂಕ್ತಿ ಎದ್ದು, ಎಲೆ ತೆಗೆದು, ನೀರು ಚಿಮುಕಿಸಿ, ಮುಂದಿನ ಪಂಕ್ತಿ ಕೂರುವವರೆಗೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಅಷ್ಟರಲ್ಲಿ ಹುಡುಗರು "ಇಂಗ್ಲಿಷ್ ಬಾರ್ಸ್ರೀ!" ಎಂದು ಕೂಗುತ್ತಿದ್ದರು. ಆ ಹೊತ್ತು ನಮ್ಮದು. ಬಾಡಿಗೆಯ ಮೈಕ್ ಸೆಟ್ಟಿಗೇ ಗಿಟಾರು ಸಿಕ್ಕಿಸಿ ದನಿ ಏರಿಸಿದರೆ ಅದು ಗುರ್ ಎನ್ನುತ್ತಿತ್ತು, ನಮಗೆ ಸ್ವರ್ಗ. ಅಫಜಲಪುರದ ಒಂದು ಮದುವೆಯಲ್ಲಿ ಯಜಮಾನರೊಬ್ಬರು ಕಿವಿ ಮುಚ್ಚಿಕೊಂಡು ಬಂದು, "ಏ ತಮ್ಮಾ, ಮಂದೀನ ಊಟಕ್ಕ ಕುಂದ್ರಸ್ತೀರೋ ಎಬ್ಬಸ್ತೀರೋ?" ಎಂದರು. ಮಹಿಬೂಬ ಬಾರಿಸುವುದನ್ನು ನಿಲ್ಲಿಸದೆ, "ಉಂಡವ್ರನ್ನ ಎಬ್ಬಸ್ತೇವ್ರಿ, ಉಣಲಾರ್ದವ್ರನ್ನ ಕುಂದ್ರಸ್ತೇವ್ರಿ" ಅಂದ. ಅವರಿಗೇ ನಗು ಬಂತು.

ಪಾರ್ಟಿ ಮುರಿದು ಎಷ್ಟೋ ಕಾಲವಾಯಿತು. ಮಹಿಬೂಬನಿಗೆ ಜೇವರ್ಗಿಯಲ್ಲಿ ಗಾದಿ ಅಂಗಡಿಯಿದೆ. ವರ್ಷಗಟ್ಟಲೆ ಡ್ರಮ್ಮಿನ ಹಿಂದೆ ಕೂತದ್ದಕ್ಕೋ ಏನೋ, ಕಿವಿ ಮಂದವಾಗುತ್ತ ಬಂದಿದೆ, ಮಷೀನು ಹಾಕಿಕೊಂಡಿದ್ದಾನೆ. ಹೋದ ತಿಂಗಳು ಭೇಟಿಯಾದಾಗ ಹೇಳಿದ: "ಮಾತು ಹ್ಯಾಂಗರ ತಿಳ್ಕೋತೇನಿ, ತುಟಿ ನೋಡಿ. ಗಾನಾ ಮಾತ್ರ ಹೋಯ್ತು ಯಾರ್. ಪೂರಾ ಬಂದ್ ಆಗೋದ್ರಾಗ ನಿನ್ನ ಗಿಟಾರ್ ಒಮ್ಮಿ ಕೇಳ್ಬೇಕು ನೋಡು."

ಮನೆಗೆ ಬಂದು ಗಿಟಾರು ಇಳಿಸಿದರೆ ಪಿಕಪ್ ಸತ್ತಿತ್ತು. ಹೊಸದನ್ನು ಆರಿಸಬೇಕು. ನಾನು ಯೋಚಿಸಿದ್ದು ಅಪ್ಪಟ ನಮ್ಮ ಕಡೆಯ ರೀತಿಯಲ್ಲಿ: ನಮಗೆ ಚಹಾ ಕಡಕ್ ಬೇಕು, ರೊಟ್ಟಿ ಕಡಕ್ ಬೇಕು, ಪಿಕಪ್ ಯಾಕೆ ಮೆತ್ತಗಿರಬೇಕು? ಅದೂ ಕಿವಿ ಮಂದವಾದ ಗೆಳೆಯನಿಗೆ! ಎಲ್ಲಕ್ಕಿಂತ ಜೋರಿನ ಆಯಸ್ಕಾಂತ, ಎಲ್ಲಕ್ಕಿಂತ ಹೆಚ್ಚು ತಂತಿ ಸುತ್ತಿದ್ದನ್ನೇ ತರಿಸಿ ಹಾಕಿ ಜೇವರ್ಗಿಗೆ ಒಯ್ದೆ. ಬಾರಿಸಿದೆ. ಮಹಿಬೂಬ ಕಿವಿಗೆ ಅಂಗೈ ಹಿಡಿದು ಕೇಳಿ, "ಛಲೋ ಅದ, ಛಲೋ ಅದ" ಅಂದ. ಹುಟ್ಟಿದಾಗಿನಿಂದ ಅವನು ನನ್ನನ್ನು ಹೊಗಳಿದವನಲ್ಲ. "ಖರೇ ಹೇಳು, ಏನ್ ಕೇಳ್ತು?" ಅಂದೆ. ಅವನು ಅಂದ: "ಗದ್ದಲ ಕೇಳ್ತು. ಗಿರಣಿ ಚಾಲೂ ಆದಂಗ. ಅದ್ರಾಗ ನೀ ಕೇಳಿಸ್ಲಿಲ್ಲ." ಬಸ್ಸಿನಲ್ಲಿ ಮರಳುವಾಗ ನನಗೆ ಅಳುವೇ ಬಂದಿತ್ತು.

ಆಮೇಲೆ ಸಮಾಧಾನದಿಂದ ಓದಿದೆ, ಕೇಳಿದೆ. ನಾವು ಆರಾಧಿಸಿದ ಆ ಹಳೆಯ ಹಾರ್ಡ್ ರಾಕಿನವರ ಪಿಕಪ್ಪುಗಳು ಸಾಧು ಪ್ರಾಣಿಗಳು. ಆಯಸ್ಕಾಂತ ಮೃದು, ಸುತ್ತು ಕಡಿಮೆ. ಗುರುಗುಟ್ಟುವ ಕೆಲಸವೆಲ್ಲ ಆಂಪ್ಲಿಫೈಯರಿನದು. ಪಿಕಪ್ಪೇ ಅಬ್ಬರಿಸಿದರೆ ಆರು ತಂತಿಗಳ ದನಿ ಮುದ್ದೆಯಾಗಿ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಮಂದ ಕಿವಿಗೆ ಬೇಕಾದದ್ದು ಜೋರಲ್ಲ, ಬಿಡಿಬಿಡಿಯಾದ ದನಿ. ಅಂಥ ಸಾಧುವನ್ನೇ ಹುಡುಕಿ ತರಿಸಿದೆ. ನಿನ್ನೆ ಬೆಳಿಗ್ಗೆ ಹೆರಿಗೆಯಾದದ್ದು ಅದರದೇ. ತಂತಿಗೆ ತೀರ ಹತ್ತಿರ ಬಾರದಂತೆ ತಿರುಪು ತಿರುಗಿಸಿ ತುಸು ಕೆಳಗಿಳಿಸಿಯೂ ಇಟ್ಟೆ.

ಮಧ್ಯಾಹ್ನ ಜೇವರ್ಗಿ. ಅರಳೆಯ ಮೂಟೆಗಳ ನಡುವೆ ಮಹಿಬೂಬ, ಬಾಗಿಲ ಬಳಿ ಅವನ ಹೆಂಡತಿ ಜುಬೇದಾ. ದನಿ ಹೋದ ಸಲದಷ್ಟು ಏರಿಸಲಿಲ್ಲ. ಬಾರಿಸತೊಡಗಿದೆ. ಈ ಸಲ ಅವನು ಕಿವಿಗೆ ಅಂಗೈ ಹಿಡಿಯಲಿಲ್ಲ, "ಛಲೋ ಅದ" ಅನ್ನಲಿಲ್ಲ, ಮುಖದಲ್ಲಿ ಏನೂ ಕಾಣಲಿಲ್ಲ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವನ ಹುಬ್ಬು ಗಂಟಿಕ್ಕಿತು.

"ಏ ಏ, ನಿಂದ್ರಸ್ಲೇ!" ಎಂದು ಗಾದಿಯ ಮೇಲೆ ಗುದ್ದಿದ. "ಕಿರುಬೆರಳಿಗಿ ನಿದ್ದಿ ಬಂದದೇನು? ಆ ಸ್ವರ ಇಳೀತು. ಮೊದ್ಲಿಂದ ಬಾರ್ಸು!"

"ತಪ್ಪಿತೇನ್ರಿ? ನನಗೇನೂ ತಿಳೀಲೇ ಇಲ್ಲ" ಅಂದಳು ಜುಬೇದಾ.

ತಪ್ಪಿತ್ತು. ಕೂದಲೆಳೆಯಷ್ಟು ತಪ್ಪಿತ್ತು, ಮತ್ತು ಅದು ಅವನಿಗೆ ಕೇಳಿಸಿತ್ತು. ಕಣ್ಣು ಮಂಜಾಗಿ ತಂತಿ ಕಾಣದೆ, ಮೊದಲಿನಿಂದ ಬಾರಿಸಿದೆ. ಮತ್ತೆ ತಪ್ಪಿತು, ಮತ್ತೆ ಬೈದ. ಸಂಜೆಯ ಬಸ್ಸಿನ ಹೊತ್ತಿನವರೆಗೂ ಬೈಸಿಕೊಂಡೆ. ಬರುವ ಭಾನುವಾರ ಮತ್ತೆ ಹೋಗುವವನಿದ್ದೇನೆ. ಈ ಸಲ ಅಭ್ಯಾಸ ಮಾಡಿಕೊಂಡು ಹೋಗಬೇಕು.